ಮುರಕಲ್ಲಿನ ಚಡಾವಿಗೂ ಆರು ಪಥದ ಹೆದ್ದಾರಿಗೂ ಒಂದೇ ಬೈಕ್: ಯಾವುದು ಯಾರಿಗೆ?

ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದ ತನಕ ಎಲ್ಲಿ ನಿಂತರೂ ಒಂದೇ ಲೆಕ್ಕ: ಪಡುವಣಕ್ಕೆ ರಾಷ್ಟ್ರೀಯ ಹೆದ್ದಾರಿ 66, ಮೂಡಣಕ್ಕೆ ಗುಡ್ಡೆ. ಬೆಳಗ್ಗೆ ಮಂಗಳೂರಿಗೆ ಹೋಗಿ ಬರುವ ಬೈಕೇ ಸಂಜೆ ಪೈವಳಿಕೆಯದ್ದೋ ಮುಳ್ಳೇರಿಯದ್ದೋ ತೋಟದ ಮಣ್ಣಿನ ಮಾರ್ಗ ಹತ್ತಬೇಕು. ಕಾರಿನಂತೆ ಎರಡೆರಡು ಇಟ್ಟುಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಮಣ್ಣಿಗೂ ಡಾಮರಿಗೂ ಸಲ್ಲುವ ಡ್ಯುಯಲ್ ಸ್ಪೋರ್ಟ್ ಬೈಕುಗಳ ಬಗ್ಗೆ ಇಲ್ಲಿ ಇಷ್ಟು ವಿಚಾರಣೆ ಇರುವುದು ಇದೇ ಕಾರಣಕ್ಕೆ.

ಶೋರೂಮಿಗೆ ಹೋದವರು ಮೊದಲು ಕೇಳುವುದು ಎಷ್ಟು ಸಿಸಿ, ಎಷ್ಟು ಪಿಕಪ್ ಎಂದು. ಕೇಳಬೇಕಾದ್ದು ಬೇರೆ: ಜುಲೈ ತಿಂಗಳ ಮಳೆಯಲ್ಲಿ ಚಡಾವಿನ ನಡುವೆ ಮಗುಚಿದರೆ ಇದನ್ನು ಒಬ್ಬರೇ ಎತ್ತಿ ನಿಲ್ಲಿಸಬಹುದೇ? ಉತ್ತರ ಇಲ್ಲ ಎಂದಾದರೆ ಆ ಬೈಕು ಮಣ್ಣಿಗೆ ಇಳಿಯುವುದು ಮೊದಲ ಎರಡು ತಿಂಗಳು ಮಾತ್ರ. ಆಮೇಲೆ ಅದು ಎತ್ತರದ ಸೀಟಿನ ಹೆದ್ದಾರಿ ಬೈಕು, ಅಷ್ಟೆ.

ಹೆದ್ದಾರಿಯ ಮಾತಿಗೆ ಬಂದರೆ ಕಾನೂನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೇರಳದಲ್ಲಿ 2023ರ ಜುಲೈ 1ರಿಂದ ದ್ವಿಚಕ್ರ ವಾಹನಗಳ ಗರಿಷ್ಠ ವೇಗ 70ರಿಂದ 60 ಕಿಲೋಮೀಟರಿಗೆ ಇಳಿದಿದೆ. ಕ್ಯಾಮೆರಾಗಳು ಕಣ್ಣು ಬಿಟ್ಟುಕೊಂಡೇ ಇವೆ. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರವೂ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿಗೆ 80 ಮಾತ್ರ. ಹಾಗಾಗಿ 40 ಕುದುರೆ ಶಕ್ತಿ ಬೇಕಾಗುವುದು ವೇಗಕ್ಕಲ್ಲ. ಹಿಂದೆ ಒಬ್ಬರು ಕುಳಿತು, ಎರಡು ಬ್ಯಾಗ್ ಕಟ್ಟಿಕೊಂಡು ಸುಳ್ಯದಿಂದ ಸಂಪಾಜೆ ಘಾಟಿ ಹತ್ತುವಾಗ ಲಾರಿಯನ್ನು ಬೇಗ ದಾಟಿ ಮುಗಿಸಲು. ಆ ಕೆಲಸ ವಾರಕ್ಕೊಮ್ಮೆ ಇದೆಯೇ, ವರ್ಷಕ್ಕೆ ಎರಡು ಸಲವೇ ಎಂಬುದರ ಮೇಲೆ ಅರ್ಧ ಆಯ್ಕೆ ನಿಂತಿದೆ.

ನಮ್ಮ ಮಣ್ಣು ಏನು ಬೇಡುತ್ತದೆ

ಯೂಟ್ಯೂಬಿನ ವಿಮರ್ಶೆಗಳಲ್ಲಿ ಕಾಣುವ ಆಫ್‌ರೋಡ್ ಹೆಚ್ಚಾಗಿ ಲಡಾಖಿನ ಕಲ್ಲು, ಇಲ್ಲವೇ ಒಣ ಮೈದಾನದ ಧೂಳು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ನೆಲದ ಸ್ವಭಾವ ಅದಲ್ಲ. ಬೇಸಿಗೆಯಲ್ಲಿ ಕೆಳಗೆ ಸಿಮೆಂಟಿನಷ್ಟು ಗಟ್ಟಿ ನೆಲ, ಮೇಲೆ ಗೋಲಿಯಂತೆ ಉರುಳುವ ಚರಳು ಕಲ್ಲು. ಟಯರಿನ ಗುಬಟು (ಮೇಲೆದ್ದ ರಬ್ಬರಿನ ಉಬ್ಬು) ಎಷ್ಟು ದೊಡ್ಡದಿದ್ದರೂ ಆ ಗಟ್ಟಿ ನೆಲವನ್ನು ಕಚ್ಚುವುದಿಲ್ಲ. ಚರಳಿನ ಮೇಲೆ ತೇಲುತ್ತದೆ. ಇಲ್ಲಿ ಬೇಕಾದ್ದು ಗಾಳಿ ತುಸು ಇಳಿಸಿದ ಮೆತ್ತನೆಯ ಟಯರು ಮತ್ತು ಕಡಿಮೆ ಆರ್‌ಪಿಎಮ್ಮಿನಲ್ಲಿ ಕೆಮ್ಮದೆ ಎಳೆಯುವ ಇಂಜಿನ್.

ಮಳೆಗಾಲದಲ್ಲಿ ಎಲ್ಲ ತಿರುಗುಮುರುಗು. ಮೇಲಿನ ಕೆಂಪು ಮಣ್ಣು ಅಂಟಾಗಿ ಗುಬಟುಗಳ ನಡುವೆ ತುಂಬಿ ಟಯರನ್ನು ನುಣ್ಣಗೆ ಮಾಡುತ್ತದೆ. ಕಂಗಿನ ತೋಟದ ನೆರಳಿನಲ್ಲಿ ಪಂಚಾಯತಿನ ಕಾಂಕ್ರೀಟ್ ಮಾರ್ಗದ ಎರಡೂ ಅಂಚಿಗೆ ಹಾವಸೆ ಕಟ್ಟುತ್ತದೆ. ಮಣ್ಣಿಗಿಂತ ಹೆಚ್ಚು ಜನ ಬೀಳುವುದು ಈ ಹಾವಸೆಯ ಮೇಲೆ. ಆಳ ಗುಬಟಿನ ನಾಬಿ ಟಯರು ಒದ್ದೆ ಕಾಂಕ್ರೀಟಿನಲ್ಲಿ ಮಾಮೂಲಿ ಟಯರಿಗಿಂತ ಕೆಟ್ಟದು, ಯಾಕೆಂದರೆ ನೆಲಕ್ಕೆ ತಾಗುವ ರಬ್ಬರು ಕಡಿಮೆ. ಹಾಗಾಗಿ ವರ್ಷವಿಡೀ ಓಡಿಸುವವರಿಗೆ ಅರ್ಧ ಮಣ್ಣು, ಅರ್ಧ ಡಾಮರಿನ ಟಯರೇ ಸರಿ.

ಮೂರನೆಯದು ಕೆಂಪುಕಲ್ಲಿನ ಕೋರೆಗಳ ಮಾರ್ಗ. ಲಾರಿ ಚಕ್ರದ ಎರಡು ಆಳ ಗೆರೆ, ನಡುವೆ ಏರು. ಗೆರೆಯೊಳಗೆ ಇಳಿದ ಮೇಲೆ ಅದರಿಂದ ಅಡ್ಡ ಹತ್ತಿ ಹೊರಬರಲು 21 ಇಂಚಿನ ಮುಂದಿನ ಚಕ್ರ 19 ಇಂಚಿನದಕ್ಕಿಂತ ಸುಲಭ. ದೊಡ್ಡ ಚಕ್ರ ಹೊಂಡಕ್ಕೂ ಕಡಿಮೆ ಇಳಿಯುತ್ತದೆ, ಕಲ್ಲಿನ ಮೂಲೆಯನ್ನೂ ಓರೆಯಾಗಿ ಹತ್ತುತ್ತದೆ. ಬದಲಿಗೆ ಡಾಮರಿನಲ್ಲಿ ತಿರುವು ತುಸು ನಿಧಾನ. ಚೆರ್ಕಳ–ಜಾಲ್ಸೂರು ಮಾರ್ಗದಂಥ ಒಂದರ ಹಿಂದೊಂದು ತಿರುವಿರುವಲ್ಲಿ 19 ಇಂಚಿನ ಬೈಕು ಹೆಚ್ಚು ಚುರುಕು. ಮಣ್ಣಿನ ಮಾರ್ಗ ದಿನಕ್ಕೆ ಒಂದೆರಡು ಕಿಲೋಮೀಟರು, ಅದೂ ಸಾಧಾರಣ ಸಮತಟ್ಟು ಎಂದಾದರೆ 21 ಇಂಚಿಗೆ ಹಟ ಹಿಡಿಯಬೇಕಾಗಿಲ್ಲ.

ಟ್ಯೂಬೋ, ಟ್ಯೂಬ್‌ಲೆಸ್ಸೋ

ಇದು ಹೊರಟ ಮೇಲಲ್ಲ, ಕೊಳ್ಳುವ ಮುಂಚೆಯೇ ಯೋಚಿಸಬೇಕಾದ್ದು. ಅಲಾಯ್ ಚಕ್ರದಲ್ಲಿ ಟ್ಯೂಬ್‌ಲೆಸ್. ಆಣಿ ಹೊಕ್ಕರೆ ಹತ್ತು ನಿಮಿಷದಲ್ಲಿ ತೂತಿಗೆ ಅಂಟು ರಬ್ಬರಿನ ಸ್ಟ್ರಿಪ್ ತುರುಕಿ ಮುಂದೆ ಹೋಗಬಹುದು. ಆದರೆ ಚೂಪು ಕಲ್ಲಿಗೆ ಬಲವಾಗಿ ಬಡಿದರೆ ರಿಮ್ಮು ಬಿರಿಯಬಹುದು, ಬಿರಿದರೆ ಹೊಸತೇ ಗತಿ. ಸ್ಪೋಕ್ ಚಕ್ರ ಬಾಗುತ್ತದೆ, ಸ್ಪೋಕ್ ಎಳೆದು ನೇರ ಮಾಡಬಹುದು. ಆದರೆ ಹೆಚ್ಚಿನ ಸ್ಪೋಕ್ ಚಕ್ರಗಳಲ್ಲಿ ಟ್ಯೂಬ್ ಇರುತ್ತದೆ. ಪಾಣತ್ತೂರು ದಾಟಿ ಕರಿಕೆಯ ಕಾಡಿನ ಮಾರ್ಗದಲ್ಲಿ ಭಾಗಮಂಡಲಕ್ಕೆ ಹೋಗುವಾಗ ಟ್ಯೂಬ್ ಪಂಚರಾದರೆ ಚಕ್ರ ಬಿಚ್ಚಿಯೇ ಆಗಬೇಕು. ಎರಡು ಟಯರ್ ಲಿವರ್, ಆಕ್ಸೆಲ್ ನಟ್ಟಿನ ಸ್ಪ್ಯಾನರ್, ಗಾಳಿ ಪಂಪ್, ಒಂದು 21 ಇಂಚಿನ ಟ್ಯೂಬ್ ಇಷ್ಟು ಸೀಟಿನ ಹಿಂದೆ ಇರಲೇಬೇಕು. 21ರ ಟ್ಯೂಬನ್ನು ಹಿಂದಿನ 18 ಇಂಚಿಗೂ ಮಡಚಿ ತುರುಕಿ ಮನೆ ಸೇರಬಹುದು. 18ರದ್ದನ್ನು ಮುಂದಕ್ಕೆ ಎಳೆಯಲಾಗದು. ಪೇಟೆಯ ಪಂಚರ್ ಅಂಗಡಿಯಲ್ಲಿ 17, 18ರ ಟ್ಯೂಬ್ ಸಿಗುತ್ತದೆ, 21ರದ್ದು ಕೇಳಿದರೆ ಮುಖ ನೋಡುತ್ತಾರೆ.

ಬೈಕುಗಳು

ಹೀರೋ ಎಕ್ಸ್‌ಪಲ್ಸ್ 200 4ವಿ: 199.6 ಸಿಸಿ, ಆಯಿಲ್ ಕೂಲ್ಡ್, ಸುಮಾರು 19 ಕುದುರೆ ಶಕ್ತಿ, ಐದು ಗೇರು, ತೂಕ 160 ಕಿಲೋ ಆಸುಪಾಸು. ಸೀಟಿನ ಎತ್ತರ 825 ಮಿಲಿಮೀಟರು, ನೆಲದಿಂದ ಅಂತರ 220, ಟ್ಯಾಂಕು 13 ಲೀಟರು, ಚಕ್ರ ಮುಂದೆ 21, ಹಿಂದೆ 18 ಇಂಚು. ಮಣ್ಣಿನ ಮಟ್ಟಿಗೆ ಈ ಬೆಲೆಗೆ ಇದಕ್ಕೆ ಸಾಟಿ ಇಲ್ಲ. ಬಿದ್ದರೆ ಮುರಿಯುವುದು ಲಿವರ್, ಇಂಡಿಕೇಟರ್, ಎರಡೂ ಅಗ್ಗ. ಕೊರತೆ ಹೆದ್ದಾರಿಯಲ್ಲಿ. ಒಬ್ಬರಿಗೆ 80ರ ತನಕ ನೆಮ್ಮದಿ. ಹಿಂದೆ ಒಬ್ಬರು ಕುಳಿತು ಎದುರು ಗಾಳಿ ಇದ್ದರೆ ಐದನೇ ಗೇರು ಸುಸ್ತಾಗಿ ನಾಲ್ಕಕ್ಕೆ ಇಳಿಸಬೇಕು. ಇದರ ಪ್ರೊ ಮಾದರಿಯ ಸೀಟು 891 ಮಿಲಿಮೀಟರು. ಅದು ಕಾಲುದ್ದದವರಿಗೆ ಮತ್ತು ನಿಜಕ್ಕೂ ಗುಡ್ಡೆ ಹತ್ತುವವರಿಗೆ. ಮಾರುಕಟ್ಟೆಗೆ ಅಡಕೆ ಕೊಂಡುಹೋಗುವವರಿಗೆ ಅದರ ತಂಟೆ ಬೇಡ.

ಎಕ್ಸ್‌ಪಲ್ಸ್ 210 ಈ ಹೆದ್ದಾರಿಯ ಕೊರತೆಯನ್ನು ತುಂಬಲು ಬಂದದ್ದು. ಲಿಕ್ವಿಡ್ ಕೂಲ್ಡ್, 24.6 ಪಿಎಸ್ (ಕುದುರೆ ಶಕ್ತಿಯದೇ ಇನ್ನೊಂದು ಅಳತೆ), 20.7 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), ಆರು ಗೇರು, ಸೀಟು 830, ತೂಕ 168ರಿಂದ 170 ಕಿಲೋ. ಮುಂದೆ 210, ಹಿಂದೆ 205 ಮಿಲಿಮೀಟರು ಸಸ್ಪೆನ್ಷನ್ ಓಟ, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ಅಂತರ. ಆರನೇ ಗೇರಿನ ಬೆಲೆ ಗೊತ್ತಾಗುವುದು ತಲಪಾಡಿ ದಾಟಿದ ಮೇಲೆ: ಅದೇ 80ಕ್ಕೆ ಇಂಜಿನ್ ಕಡಿಮೆ ಅರಚುತ್ತದೆ. ಕಾಸರಗೋಡಿನ ಒಟ್ಟು ಬಳಕೆಗೆ ಒಂದೇ ಬೈಕು ಹೇಳಿ ಎಂದರೆ ನಮ್ಮ ಬೊಟ್ಟು ಇದರತ್ತ. ರೇಡಿಯೇಟರ್ ಇರುವುದರಿಂದ ಒಂದು ಎಚ್ಚರಿಕೆ: ಕೆಂಪು ಕೆಸರು ಅದರ ಎಸಳುಗಳಲ್ಲಿ ಒಣಗಿ ಕೂತರೆ ಬೇಸಿಗೆಯಲ್ಲಿ ಫ್ಯಾನ್ ನಿಲ್ಲದೆ ಓಡುತ್ತದೆ. ಹದ ಒತ್ತಡದ ಪೈಪಿನ ನೀರಲ್ಲಿ ತೊಳೆಯಿರಿ. ಪ್ರೆಷರ್ ವಾಷರನ್ನು ಹತ್ತಿರ ಹಿಡಿದರೆ ಎಸಳು ಮಲಗುತ್ತದೆ.

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, 2023ರ ನವೆಂಬರಿನಲ್ಲಿ ಬಂದದ್ದು. 452 ಸಿಸಿ, 40 ಪಿಎಸ್, 40 ನ್ಯೂಟನ್ ಮೀಟರ್, 17 ಲೀಟರ್ ಟ್ಯಾಂಕು, ಮುಂದೂ ಹಿಂದೂ 200 ಮಿಲಿಮೀಟರು ಓಟ, ನೆಲದಿಂದ 230. ಸೀಟನ್ನು 825ಕ್ಕೂ 845ಕ್ಕೂ ಇಡಬಹುದು. ಹೆದ್ದಾರಿಯಲ್ಲಿ, ಘಾಟಿಯಲ್ಲಿ, ಇಬ್ಬರು ಕುಳಿತ ದೂರ ಪಯಣದಲ್ಲಿ ಎಕ್ಸ್‌ಪಲ್ಸ್ ಇದರ ಹತ್ತಿರ ಸುಳಿಯುವುದಿಲ್ಲ. ಟ್ಯೂಬ್‌ಲೆಸ್ ಸ್ಪೋಕ್ ಚಕ್ರದ ಆಯ್ಕೆಯೂ ಇದೆ. ಹಣ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಆದರೆ ತೂಕ 196 ಕಿಲೋ. ನಿಂತಲ್ಲೇ ತಿರುಗಿಸಬೇಕಾದ ತೋಟದ ಓಣಿಯಲ್ಲಿ, ಹಾವಸೆಯ ಇಳಿಜಾರಿನಲ್ಲಿ ಎಕ್ಸ್‌ಪಲ್ಸ್ 200ಕ್ಕಿಂತ ಹೆಚ್ಚಿನ ಆ 36 ಕಿಲೋ ಪ್ರತಿ ಸಲವೂ ಲೆಕ್ಕ ಕೇಳುತ್ತದೆ. ವಾರದಲ್ಲಿ ಮೂರು ನಾಲ್ಕು ದಿನ ಮಂಗಳೂರು, ತಿಂಗಳಿಗೊಮ್ಮೆ ಮಡಿಕೇರಿ, ಮಣ್ಣು ಎಂದರೆ ಮನೆಯ ಅಂಗಳದ ತನಕದ ಗುಡ್ಡೆ ಮಾರ್ಗ ಎನ್ನುವವರಿಗೆ ಇದೇ ಸರಿ.

ಕೆಟಿಎಂ 390 ಅಡ್ವೆಂಚರ್ 46 ಪಿಎಸ್ ಇದ್ದೂ ಹಿಮಾಲಯನ್‌ಗಿಂತ ಹತ್ತಿಪ್ಪತ್ತು ಕಿಲೋ ಹಗುರ. ಓಡಿಸುವ ಖುಷಿಗೆ ಇದೇ ಮುಂದು. ಇದರ ಶಕ್ತಿ ಮೇಲಿನ ಆರ್‌ಪಿಎಮ್ಮಿನಲ್ಲಿ ಕೂತಿದೆ. ಚರಳಿನ ಚಡಾವಿನಲ್ಲಿ ಮೆಲ್ಲಗೆ ಎಳೆಯಬೇಕಾದಾಗ ಕ್ಲಚ್ಚಿಗೆ ಹೆಚ್ಚು ಕೆಲಸ. ಅದರ ಅಣ್ಣತಮ್ಮ 390 ಎಂಡ್ಯೂರೋ ಆರ್ ಮಣ್ಣಿಗೆ ಇನ್ನೂ ಹತ್ತಿರ, ಆದರೆ ಸೀಟು 860, ಟ್ಯಾಂಕು 9 ಲೀಟರು. ಲೀಟರಿಗೆ 27 ಕೊಟ್ಟರೂ ಇನ್ನೂರ ನಲವತ್ತು ಕಿಲೋಮೀಟರಿಗೆ ಪೂರ್ತಿ ಖಾಲಿ.

ಕವಾಸಕಿ ಕೆಎಲ್‌ಎಕ್ಸ್ 230 ಎಲ್ಲಕ್ಕಿಂತ ಹಗುರ, 139 ಕಿಲೋ. ಮಣ್ಣಿನಲ್ಲಿ ಇದರ ಮುಂದೆ ಉಳಿದವು ಎಮ್ಮೆ. 880 ಮಿಲಿಮೀಟರಿನ ಸೀಟು, 7.6 ಲೀಟರಿನ ಟ್ಯಾಂಕು ನೋಡಿದರೆ ಇದು ಮನೆಯ ಎರಡನೇ ಬೈಕು ಎಂದು ಸ್ಪಷ್ಟ.

ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಬೇರೆ ಜಾತಿಯದು: 249 ಸಿಸಿ, 26.5 ಪಿಎಸ್, 167 ಕಿಲೋ, 19/17 ಅಲಾಯ್, ಟ್ಯೂಬ್‌ಲೆಸ್, ನೆಲದಿಂದ 205. ಹೊಂಡ ಬಿದ್ದ ಡಾಮರು, ಸರ್ವಿಸ್ ರಸ್ತೆಯ ಜಲ್ಲಿ, ಅಂಗಳದ ಮಣ್ಣು ಇಷ್ಟಕ್ಕೆ ಧಾರಾಳ ಸಾಕು. ತೋಡು ದಾಟಿ ಗುಡ್ಡೆ ಹತ್ತುವ ಆಸೆ ಇಲ್ಲದವರು ಸುಮ್ಮನೆ 21 ಇಂಚಿನ ಹಿಂದೆ ಬೀಳದೆ ಇದನ್ನು ಒಮ್ಮೆ ಓಡಿಸಿ ನೋಡಬೇಕು.

ಬೆಲೆ ಹೋಲಿಸುವಾಗ ಹಳೆಯ ವೀಡಿಯೋಗಳ ಅಂಕಿ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ಅದಕ್ಕಿಂತ ಮೇಲಿನದಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಎಕ್ಸ್‌ಪಲ್ಸ್‌ಗೂ ಹಿಮಾಲಯನ್‌ಗೂ ನಡುವಿನ ಅಂತರ ಅಲ್ಲಿಗೆ ಅಗಲವಾಯಿತು. ಆ ವ್ಯತ್ಯಾಸದ ಒಂದು ಪಾಲಿನಲ್ಲೇ ಒಳ್ಳೆಯ ಹೆಲ್ಮೆಟ್, ಮೊಣಕಾಲಿನ ಗಾರ್ಡ್, ಗಿಣ್ಣು ಮುಚ್ಚುವ ಬೂಟು, ಒಂದು ಜೋಡಿ ಟಯರು ಬರುತ್ತದೆ.

ಸೀಟಿನ ಎತ್ತರ ಶೋರೂಮಿನಲ್ಲಿ ಗೊತ್ತಾಗುವುದಿಲ್ಲ

ಶೋರೂಮಿನ ಟೈಲ್ಸಿನ ಮೇಲೆ ಎರಡೂ ಬೆರಳ ತುದಿ ತಾಗಿದರೆ ಸಾಕು ಅನಿಸುತ್ತದೆ. ಐದೂವರೆ ಅಡಿಯವರಿಗೆ 825 ಮಿಲಿಮೀಟರಿನಲ್ಲಿ ಪಾದದ ಮುಂಭಾಗ ಮಾತ್ರ ತಾಗುತ್ತದೆ, ಸಮತಟ್ಟಿನಲ್ಲಿ ಅದು ನಡೆಯುತ್ತದೆ. ನಮ್ಮ ಮಾರ್ಗಗಳ ಒಂದು ಬದಿ ಚರಂಡಿಗೆ ವಾಲಿರುತ್ತದೆ. ಬೈಕು ಆ ಕಡೆ ವಾಲಿದಾಗ ಕಾಲು ಊರಲು ಹೋದರೆ ಕೆಳಗೆ ನೆಲವೇ ಇರುವುದಿಲ್ಲ. ಟೆಸ್ಟ್ ರೈಡಿಗೆ ಕೊಟ್ಟಾಗ ಹೆದ್ದಾರಿಯಲ್ಲಿ ಓಡಿಸಿ ವಾಪಸ್ ಕೊಡಬೇಡಿ. ಓರೆ ಇರುವ ಒಂದು ಏರಿನಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಮತ್ತೆ ಹೊರಡಿಸಿ. ಆಮೇಲೆ ಕೆಳಗಿಳಿದು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ. ಅಲ್ಲಿ ಗೊತ್ತಾಗುವುದು ಯಾವ ಕಾಗದದಲ್ಲೂ ಇರುವುದಿಲ್ಲ.

ಸೀಟು ತಗ್ಗಿಸಲು ಲೋವರಿಂಗ್ ಲಿಂಕ್ (ಹಿಂದಿನ ಸಸ್ಪೆನ್ಷನ್ನಿನ ಕೊಂಡಿ ಬದಲಿಸಿ ಬೈಕನ್ನೇ ತಗ್ಗಿಸುವ ತುಂಡು) ಹಾಕಿಸುವವರಿದ್ದಾರೆ. ಅದರಿಂದ ನೆಲದ ಅಂತರವೂ ತಗ್ಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕು ನೆಟ್ಟಗೆ ನಿಂತು ಬಲಕ್ಕೆ ಬೀಳುತ್ತದೆ. ಅದಕ್ಕಿಂತ ಸೀಟಿನ ಫೋಮನ್ನು ತೊಡೆ ಬರುವ ಬದಿಗಳಲ್ಲಿ ಕೊರೆಸುವುದು ಮೇಲು.

ಎತ್ತುವ ಕ್ರಮವನ್ನೂ ಕಲಿತಿರಬೇಕು. ಇಳಿಜಾರಿನಲ್ಲಿ ಬಿದ್ದಾಗ ಚಕ್ರಗಳು ತಗ್ಗಿನ ಕಡೆ ಇರಬೇಕು. ಮೇಲ್ಗಡೆ ಇದ್ದರೆ ಮೊದಲು ಬೈಕನ್ನು ನೆಲದಲ್ಲೇ ತಿರುಗಿಸಿ. ಇಂಜಿನ್ ಆಫ್, ಮೊದಲನೇ ಗೇರು, ಇಲ್ಲವಾದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು, ಬೆನ್ನು ಬಗ್ಗಿಸದೆ ಕಾಲಿನ ಬಲದಲ್ಲಿ ಹಿಂದಕ್ಕೆ ನಡೆಯುತ್ತಾ ಎತ್ತಬೇಕು.

ಕೊಂಡ ಮೇಲೆ ಬದಲಿಸಬೇಕಾದ್ದು, ಬದಲಿಸಬಾರದ್ದು

ಗಾಳಿ: ಡಾಮರಿಗೆ ಕೈಪಿಡಿಯಲ್ಲಿ ಹೇಳಿದಷ್ಟು. ಮಣ್ಣಿಗೆ ಇಳಿಯುವಾಗ ಎಕ್ಸ್‌ಪಲ್ಸ್‌ನಂಥ ಹಗುರದ್ದಕ್ಕೆ 18ರಿಂದ 20 ಪಿಎಸ್‌ಐ, ಹಿಮಾಲಯನ್‌ಗೆ 22ರ ಆಸುಪಾಸು. ಅದಕ್ಕಿಂತ ಇಳಿಸಿದರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬಿಗೆ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. ಟಯರು ರಿಮ್ಮಿನ ಮೇಲೆ ಜಾರಿ ವಾಲ್ವ್ ಬುಡ ಹರಿಯುವುದೂ ಉಂಟು. ವಾಲ್ವ್ ಓರೆಯಾಗಿ ನಿಂತಿದ್ದರೆ ಅದು ಮೊದಲ ಸೂಚನೆ. ಹೆದ್ದಾರಿಗೆ ಏರುವ ಮುಂಚೆ ಮತ್ತೆ ತುಂಬಲು ಮರೆಯಬೇಡಿ. ಕಡಿಮೆ ಗಾಳಿಯಲ್ಲಿ 80ಕ್ಕೆ ಓಡಿದರೆ ಟಯರು ಬಿಸಿಯಾಗಿ ಬದಿ ಸೀಳುತ್ತದೆ.

ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ): ಚಡಾವಿನಲ್ಲಿ ಮೊದಲನೇ ಗೇರು ಉದ್ದ ಅನಿಸಿದರೆ ಮುಂದಿನದರಲ್ಲಿ ಒಂದು ಹಲ್ಲು ಕಡಿಮೆ ಮಾಡಿ. 13–14 ಹಲ್ಲಿನ ಸ್ಪ್ರಾಕೆಟಿನಲ್ಲಿ ಅದು ಏಳೆಂಟು ಶೇಕಡ ವ್ಯತ್ಯಾಸ, ಹಿಂದೆ ಮೂರು ಹಲ್ಲು ಹೆಚ್ಚಿಸಿದಷ್ಟು. ಹೆದ್ದಾರಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಇಂಜಿನ್ ಹೆಚ್ಚು ತಿರುಗುತ್ತದೆ. 450, 390ಗಳಿಗೆ ಇದು ಬೇಕಾಗುವುದೇ ಇಲ್ಲ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ): ಚರಳಿನ ಇಳಿಜಾರಿನಲ್ಲಿ ಹಿಂದಿನ ಎಬಿಎಸ್ ಆಫ್ ಇರಲಿ. ಆನ್ ಇದ್ದರೆ ಚಕ್ರ ಹಿಡಿಯುತ್ತಲೇ ಬಿಟ್ಟುಬಿಡುತ್ತದೆ, ಬೈಕು ನಿಲ್ಲದೆ ಹೋಗುತ್ತಲೇ ಇರುತ್ತದೆ. ಚಕ್ರ ಲಾಕ್ ಆದಾಗ ಮುಂದೆ ಮಣ್ಣು ರಾಶಿಯಾಗಿ ತಡೆಯುವುದೇ ಅಲ್ಲಿನ ಬ್ರೇಕು. ಕಾಂಕ್ರೀಟ್ ಬಂದ ಕೂಡಲೇ ಆನ್ ಮಾಡಿ, ಹಾವಸೆಯ ಮೇಲೆ ಅದೇ ಕಾಯುವುದು.

ಮಳೆಗಾಲದಲ್ಲಿ ಮೊದಲು ಸವೆಯುವುದು ಬ್ರೇಕ್ ಪ್ಯಾಡು. ಕೆಂಪು ಮಣ್ಣಿನ ಹರಳು ಪ್ಯಾಡಿಗೂ ಡಿಸ್ಕಿಗೂ ನಡುವೆ ಅರೆಯುತ್ತದೆ. ಜೂನಿನಲ್ಲಿ ಹೊಸದು ಹಾಕಿದ್ದು ಚೌತಿಗೆ ಮುಗಿದಿರಬಹುದು, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ. ಎರಡನೆಯದು ಚೈನು: ಒದ್ದೆಯಲ್ಲಿ 300–400 ಕಿಲೋಮೀಟರಿಗೊಮ್ಮೆ ಸೀಮೆಎಣ್ಣೆಯೋ ಚೈನ್ ಕ್ಲೀನರೋ ಹಾಕಿ ಒರೆಸಿ ಲ್ಯೂಬ್ ಹಚ್ಚಬೇಕು. ಉದ್ದ ಓಟದ ಸಸ್ಪೆನ್ಷನ್ ಇರುವುದರಿಂದ ಚೈನನ್ನು ಬಿಗಿ ಮಾಡಬೇಡಿ. ಇಬ್ಬರು ಕುಳಿತು ಹೊಂಡಕ್ಕೆ ಇಳಿದಾಗ ಅದು ಇನ್ನೂ ಬಿಗಿದು ಗೇರ್‌ಬಾಕ್ಸಿನ ಬೇರಿಂಗನ್ನು ಎಳೆಯುತ್ತದೆ. ಮೂರನೆಯದು ಮುಂದಿನ ಫೋರ್ಕಿನ ಸೀಲು. ಕೆಸರು ಒಣಗಿದ ಪೈಪಿನ ಮೇಲೆ ಸೀಲು ಏರಿಳಿದರೆ ಹರಿಯುತ್ತದೆ. ಓಡಿಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ಅರ್ಧ ನಿಮಿಷದ ಕೆಲಸ.

ತೋಡಿನ ನೀರು ಚಕ್ರದ ಆಕ್ಸೆಲ್ ಮಟ್ಟಕ್ಕಿಂತ ಮೇಲಿದ್ದರೆ, ಅದೂ ಕೆಂಪಗೆ ಹರಿಯುತ್ತಿದ್ದರೆ, ಸುತ್ತಿ ಸಂಕದ ಮೇಲೇ ಹೋಗಿ. ನಡುವಲ್ಲಿ ಆಫ್ ಆದರೆ ಸೆಲ್ಫ್ ಒತ್ತಲೇಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ತಳ್ಳಿ ದಡ ಸೇರಿಸಿ, ಏರ್‌ಬಾಕ್ಸ್ ತೆರೆದು ಫಿಲ್ಟರ್ ನೋಡಿ. ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಆಮೇಲೆ ಸೆಲ್ಫ್ ಒತ್ತಿ ನೀರು ಹೊರಹಾಕಿ.

ಬದಲಿಸಬಾರದ್ದು ಸೈಲೆನ್ಸರು, ಕಣ್ಣು ಕುಕ್ಕುವ ಲೈಟು, ನಂಬರ್ ಪ್ಲೇಟಿನ ಜಾಗ. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಮುಖ ನೋಡುವುದಿಲ್ಲ. ಹ್ಯಾಂಡ್ ಗಾರ್ಡ್, ಇಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್ ಕಂಪನಿಯ ಆ್ಯಕ್ಸೆಸರಿಯಲ್ಲೇ ಸಿಗುತ್ತವೆ, ಬಿಲ್ಲಿನ ಜತೆ ತೆಗೆದುಕೊಳ್ಳಿ. ಇನ್ನೊಂದು: ರಾಣಿಪುರದ ಹುಲ್ಲುಗಾವಲಿಗೆ ಯಾವ ಬೈಕು ಕೊಂಡರೂ ನಡೆದೇ ಹೋಗಬೇಕು, ಅದು ಅರಣ್ಯ ಇಲಾಖೆಯ ಜಾಗ.

ಹಳೆಯದು ಕೊಳ್ಳುವುದಾದರೆ

2016ರಿಂದ 2023ರ ತನಕ ಮಾರಾಟವಾದ ಹಿಮಾಲಯನ್ 411 ಹಳೆಯ ಬೈಕಿನ ಸಂತೆಯಲ್ಲಿ ಧಾರಾಳ. 24.3 ಕುದುರೆ ಶಕ್ತಿಗೆ 199 ಕಿಲೋ ಎಂದರೆ ಸೋಮಾರಿ ಅನಿಸಬಹುದು. ಆದರೆ 32 ನ್ಯೂಟನ್ ಮೀಟರ್ ಕೆಳಗಿನ ಆರ್‌ಪಿಎಮ್ಮಿನಲ್ಲೇ ಸಿಗುತ್ತದೆ, ಸೀಟು 800 ಮಾತ್ರ, ಮಾಮೂಲಿ ಗ್ಯಾರೇಜಿನವನಿಗೂ ಇಂಜಿನ್ ಅರ್ಥವಾಗುತ್ತದೆ. ಕುಳ್ಳಗಿನವರಿಗೆ ಇಂದಿಗೂ ಒಳ್ಳೆಯ ಆಯ್ಕೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಬೆರಳಿನಲ್ಲಿ ಮೆಲ್ಲಗೆ ಆಚೀಚೆ ತಿರುಗಿಸಿ. ನೇರ ಬಂದಲ್ಲಿ ಕಚ್ಚಿ ಹಿಡಿದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಸ್ಪೋಕುಗಳನ್ನು ಸ್ಪ್ಯಾನರಿನಲ್ಲಿ ಒಂದೊಂದಾಗಿ ತಟ್ಟಿ. ಸಡಿಲಿದ್ದದ್ದು ಬೋಳು ಸದ್ದು ಮಾಡುತ್ತದೆ. ಕಡಲ ಬದಿಯಲ್ಲಿ ನಿಲ್ಲಿಸಿದ ಬೈಕಾದರೆ ಸ್ಪೋಕಿನ ನಿಪ್ಪಲ್ ಉಪ್ಪುಗಾಳಿಗೆ ತುಕ್ಕು ಹಿಡಿದು ತಿರುಗದೆ ಇರುವುದು ಸಾಮಾನ್ಯ. ಬೇರಿಂಗು, ಸ್ವಿಂಗ್ ಆರ್ಮ್ ಆಟ, ಚೌಕಟ್ಟಿನ ಹೆಡ್ ಪೈಪಿನ ಬಳಿಯ ವೆಲ್ಡಿಂಗು ಇಷ್ಟನ್ನು ತೊಳೆದ ಮೇಲೆ ನೋಡಿ, ಕೆಸರು ಮೆತ್ತಿದ ಸ್ಥಿತಿಯಲ್ಲಿ ಅಲ್ಲ.

ಒಳ್ಳೆಯ ಹಳೆಯ ಬೈಕುಗಳು ಹೆಚ್ಚಾಗಿ ಸಿಗುವುದು ಮಂಗಳೂರಿನಲ್ಲಿ, ಅಂದರೆ ಕೆಎ-19. ಮನೆ ಗಡಿಯ ಈಚೆ ಇದ್ದು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಓಡಿಸುವುದಾದರೆ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಕೆಎಲ್-14ಕ್ಕೆ ಮರುನೋಂದಣಿ ಆಗಲೇಬೇಕು. ಮಂಗಳೂರಿನ ಆರ್‌ಟಿಓದಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಆಮೇಲೆ ಇಲ್ಲಿಯ ತೆರಿಗೆ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲನ್ನು ವಾಪಸ್ ಕೇಳಲು ಅವಕಾಶವಿದೆ, ಆದರೆ ಇಲ್ಲಿಯದನ್ನು ಮೊದಲು ಕೈಯಿಂದ ಕಟ್ಟಬೇಕು. ಈ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆಯಿರಿ, ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.